ರ‍್ಯಾಂಕ್ ಇಲ್ಲ, ಕಟಾಫ್ ಇಲ್ಲ: ಮಗಳು ಮ್ಯೂಸಿಕಲ್ ಥಿಯೇಟರ್ ಓದ್ತೀನಿ ಅಂದಾಗ

ಹೋದ ತಿಂಗಳು ಟೆಕ್ಸಾಸ್‌ನಿಂದ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಮಗ ಹನ್ನೊಂದನೇ ಕ್ಲಾಸು. "ಕಂಪ್ಯೂಟರ್ ಸೈನ್ಸ್ ಬೇಡ್ವಂತೆ ಕಣೇ, ಮ್ಯೂಸಿಕಲ್ ಥಿಯೇಟರ್ ಓದ್ತಾನಂತೆ. ಅದಕ್ಕೆ ಯಾವ ಎಕ್ಸಾಮು? ಎಷ್ಟು ಬಂದ್ರೆ ಸೀಟು?" ಅಂದಳು. ನನಗೆ ನಗು ಬಂತು. ಎರಡು ವರ್ಷದ ಹಿಂದೆ ನನ್ನ ಮಗಳು ಇದೇ ಸುದ್ದಿ ತಂದಾಗ ನಾನು ಕೇಳಿದ್ದೂ ಇದನ್ನೇ. ಸಿಇಟಿ ಬರೆದು, ಪಟ್ಟಿಯಲ್ಲಿ ನಂಬರ್ ಹುಡುಕಿ, ಕೌನ್ಸೆಲಿಂಗಿಗೆ ಅಪ್ಪನ ಜೊತೆ ಬಸ್ ಹತ್ತಿ ಹೋದ ತಲೆಮಾರು ನಮ್ಮದು. ನಂಬರ್ ಇದ್ದರೆ ಸೀಟು ಇದೆ, ಇಲ್ಲದಿದ್ದರೆ ಇಲ್ಲ. ಆ ತಲೆ ಇಟ್ಟುಕೊಂಡು ಈ ದಾರಿಗೆ ಇಳಿದರೆ ಮೊದಲ ತಿಂಗಳಿಗೇ ಸುಸ್ತಾಗುತ್ತದೆ.

ಅವಳಿಗೆ ಫೋನಲ್ಲಿ ಒಂದೂವರೆ ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾವಿರುವುದು ನ್ಯೂಜೆರ್ಸಿಯಲ್ಲಿ, ಹಾಗಾಗಿ ಇದೆಲ್ಲ ಅಮೆರಿಕದ ಕಾಲೇಜುಗಳ ಕಥೆ.

ಮ್ಯೂಸಿಕಲ್ ಥಿಯೇಟರ್ ಅಂದರೆ ಏನು ಅಂತ ಊರಲ್ಲಿ ಅಮ್ಮ ಕೇಳಿದಾಗ ನಾನು ಕೊಟ್ಟ ಉತ್ತರ: ಗುಬ್ಬಿ ಕಂಪನಿ. ನಮ್ಮದು ತುಮಕೂರು ಕಡೆ, ಅಮ್ಮನಿಗೆ ಅಷ್ಟು ಸಾಕಾಯಿತು. ಅದೇ ಪಾತ್ರಧಾರಿ ಮಾತಾಡಬೇಕು, ಅವನೇ ಹಾಡಬೇಕು, ಅವನೇ ಕುಣಿಯಬೇಕು. ಹಿಂದೆ ಕೂತು ಹಾಡುವುದಕ್ಕೆ ಬೇರೆಯವರಿಲ್ಲ. ಅಣ್ಣಾವ್ರು ಸಿನಿಮಾದಲ್ಲಿ ತಮ್ಮ ಹಾಡು ತಾವೇ ಹಾಡಿದ್ದು ನಮಗೆಲ್ಲ ದೊಡ್ಡ ವಿಷಯ, ಆದರೆ ಚಿಕ್ಕಂದಿನಲ್ಲೇ ಗುಬ್ಬಿ ಕಂಪನಿ ಸೇರಿ ಬೆಳೆದವರಿಗೆ ಹಾಡದೆ ಇರುವುದೇ ವಿಚಿತ್ರ ಅನಿಸಿರಬೇಕು. ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳಿರುವ ಬ್ರಾಡ್‌ವೇಯಲ್ಲೂ ಅಷ್ಟೇ. ಈ ಮೂರನ್ನೂ ಒಟ್ಟಿಗೆ ಕಲಿಸುವ ಡಿಗ್ರಿಗಳು ಇಲ್ಲಿ ಬಹಳ ಹಿಂದಿನಿಂದ ಇವೆ. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ನಾಟಕಕ್ಕೇ ಡಿಗ್ರಿ ಕೊಡಲು ಶುರು ಮಾಡಿದ್ದು 1914ರಲ್ಲಿ. ಸಿನ್ಸಿನಾಟಿ ವಿಶ್ವವಿದ್ಯಾಲಯದ ಕನ್ಸರ್ವೇಟರಿಯಲ್ಲಿ (ಸಂಗೀತ ಶಾಲೆಯಲ್ಲಿ) ಮ್ಯೂಸಿಕಲ್ ಥಿಯೇಟರ್ ಕೋರ್ಸ್ 1968ರಿಂದ ಇದೆ. ಮಿಷಿಗನ್, ಪೆನ್ ಸ್ಟೇಟ್, ನ್ಯೂಯಾರ್ಕ್ ಯೂನಿವರ್ಸಿಟಿ, ಬಾಸ್ಟನ್ ಕನ್ಸರ್ವೇಟರಿ, ಟೆಕ್ಸಾಸ್ ಸ್ಟೇಟ್, ಈಲಾನ್, ಬಾಲ್ಡ್‌ವಿನ್ ವಾಲೆಸ್, ನಮ್ಮ ಮನೆ ಹತ್ತಿರದ ಮಾಂಟ್‌ಕ್ಲೇರ್ ಸ್ಟೇಟ್, ಹೀಗೆ ಹೆಸರುಗಳು ಮಗುವಿನ ಬಾಯಲ್ಲಿ ಪಟಪಟ ಬರುತ್ತಿರುತ್ತವೆ.

ಡಿಗ್ರಿಯಲ್ಲಿ ಮುಖ್ಯವಾಗಿ ಎರಡು ಬಗೆ. ಬಿಎಫ್‌ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಅಂದರೆ ಬೆಳಿಗ್ಗೆಯಿಂದ ಸಂಜೆವರೆಗೆ ಸ್ಟುಡಿಯೊ: ಹಾಡು, ನಟನೆ, ಬ್ಯಾಲೆ, ಟ್ಯಾಪ್, ಜಾಝ್. ಬೇರೆ ವಿಷಯ ಓದಲು ಜಾಗ ಕಡಿಮೆ. ಬಿಎ ಅಂದರೆ ಥಿಯೇಟರ್ ಜೊತೆಗೆ ಸೈಕಾಲಜಿಯೋ ಎಕನಾಮಿಕ್ಸೋ ಏನಾದರೂ ಓದಬಹುದು. ಬಿಎಫ್‌ಎ ಮೇಲು, ಬಿಎ ಕೀಳು ಅಂತ ಮಕ್ಕಳ ನಡುವೆ ಒಂದು ಗಾಳಿಮಾತಿದೆ. ಅದನ್ನು ನಂಬಬೇಡಿ. ನಾರ್ತ್‌ವೆಸ್ಟರ್ನ್‌ನಲ್ಲಿ ಥಿಯೇಟರ್ ಓದುವವರಿಗೆ ಸಿಗುವುದು ಬಿಎಫ್‌ಎ ಅಲ್ಲ, ಆದರೂ ಅಲ್ಲಿಗೆ ಹೋಗಲು ಸಾಯುವ ಮಕ್ಕಳಿದ್ದಾರೆ.

ಈಗ ಮುಖ್ಯ ವಿಷಯ. ಹೆಚ್ಚಿನ ಕಾಲೇಜುಗಳಲ್ಲಿ ಎರಡು ಬಾಗಿಲು ದಾಟಬೇಕು. ಒಂದು ವಿಶ್ವವಿದ್ಯಾಲಯದ್ದು: ಮಾರ್ಕ್ಸು, ಪ್ರಬಂಧ, ಟೀಚರುಗಳ ಪತ್ರ. ಇನ್ನೊಂದು ಥಿಯೇಟರ್ ವಿಭಾಗದ್ದು: ಆಡಿಷನ್, ಅಂದರೆ ಅಲ್ಲಿನ ಮೇಷ್ಟ್ರುಗಳ ಮುಂದೆ ಹಾಡಿ, ನಟಿಸಿ ತೋರಿಸುವುದು. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ನಿಂತುಹೋಗುವುದು ಮಾಮೂಲು. ಮಾರ್ಕ್ಸ್ ಬೇಡ ಅಂತಲ್ಲ, ಬೇಕು, ಆದರೆ ಮಗು ಕ್ಲಾಸಿಗೇ ಫಸ್ಟ್ ಅನ್ನುವುದು ಆಡಿಷನ್ ಕೋಣೆಯೊಳಗೆ ನಯಾಪೈಸೆ ಕೆಲಸಕ್ಕೆ ಬರುವುದಿಲ್ಲ.

ಆ ಕೋಣೆಯಲ್ಲಿ ನಡೆಯುವುದು ಪರೀಕ್ಷೆ ಅಲ್ಲ, ಪಾತ್ರ ಹಂಚಿಕೆ. ಇದು ನನ್ನ ತಲೆಗೆ ಹೋಗಲು ಆರು ತಿಂಗಳು ಹಿಡಿಯಿತು. ಒಂದು ಬ್ಯಾಚಿಗೆ ತೆಗೆದುಕೊಳ್ಳುವುದು ಹತ್ತರಿಂದ ಇಪ್ಪತ್ತೈದು ಮಕ್ಕಳನ್ನು. ಹೆಸರಾದ ಕಾಲೇಜುಗಳಿಗೆ ಅರ್ಜಿ ಸಾವಿರದ ಮೇಲೆ. ಆ ಹದಿನೈದಿಪ್ಪತ್ತು ಮಕ್ಕಳು ನಾಲ್ಕು ವರ್ಷ ಒಟ್ಟಿಗೆ ನಾಟಕ ಆಡಬೇಕಲ್ಲ, ಹಾಗಾಗಿ ಅವರು ಕಟ್ಟುತ್ತಿರುವುದು ಒಂದು ಕಂಪನಿ. ಎತ್ತರದ ದನಿಯವರು ಬೇಕು, ತಗ್ಗಿನ ದನಿಯವರು ಬೇಕು, ಹಾಸ್ಯಕ್ಕೆ ಒಬ್ಬ, ಒಳ್ಳೆ ಡ್ಯಾನ್ಸರ್ ನಾಲ್ಕು ಜನ. ಹೋದ ವರ್ಷದ ಬ್ಯಾಚಿನಲ್ಲಿ ನಿಮ್ಮ ಮಗಳಂಥ ದನಿ ಮೂರು ಇದ್ದರೆ ಈ ವರ್ಷ ಅದು ಬೇಡ. ಅವಳು ಚೆನ್ನಾಗಿ ಹಾಡಲಿಲ್ಲ ಅಂತಲ್ಲ. ಅದು ಅವಳಿಗೂ ಗೊತ್ತಾಗುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಹುಡುಗಿಯರ ಅರ್ಜಿ ಹುಡುಗರಿಗಿಂತ ತುಂಬಾ ಜಾಸ್ತಿ, ಸೀಟು ಮಾತ್ರ ಹೆಚ್ಚುಕಮ್ಮಿ ಸಮ ಸಮ. ಹಾಗಾಗಿ ಹುಡುಗಿಯರಿಗೆ ಇನ್ನೂ ಕಷ್ಟ. ಗೆಳತಿಗೆ ಮಗನಿರುವುದು ಕೇಳಿ ನನಗೆ ಒಂಚೂರು ಹೊಟ್ಟೆ ಉರಿದಿದ್ದು ಸುಳ್ಳಲ್ಲ.

ಇದರಿಂದ ಬರುವ ಪರಿಣಾಮ ಏನೆಂದರೆ ತುಂಬಾ ಕಡೆ ಅರ್ಜಿ ಹಾಕಬೇಕು. ಎಂಜಿನಿಯರಿಂಗ್‌ಗೆ ಎಂಟು ಹತ್ತು ಕಾಲೇಜು ಸಾಕು ಅನ್ನುವವರು ಇಲ್ಲಿ ಹದಿನೈದಕ್ಕೆ ಹೋಗುತ್ತಾರೆ. ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ತಾಣ) ಒಬ್ಬರು 20 ಕಾಲೇಜಿನವರೆಗೆ ಹಾಕಬಹುದು, ಆ 20ನ್ನೂ ತುಂಬಿಸುವ ಮಕ್ಕಳಿದ್ದಾರೆ. ಪಟ್ಟಿಯಲ್ಲಿ ಆಡಿಷನ್ನೇ ಇಲ್ಲದ ಎರಡು ಕಾಲೇಜಾದರೂ ಇರಲಿ, ಮಾರ್ಕ್ಸಿನ ಮೇಲೆ ಖಂಡಿತ ಸಿಗುವಂಥವು, ಮಗು ಖುಷಿಯಿಂದ ಹೋಗುವಂಥವು. ಈ ಎರಡನೆಯ ಶರತ್ತು ಮರೆತು ಸುಮ್ನೆ ಹೆಸರು ತುಂಬಿಸಿದರೆ ಏಪ್ರಿಲ್‌ನಲ್ಲಿ ಅಳು.

ಕ್ಯಾಲೆಂಡರ್ ಹೀಗಿದೆ. ಹನ್ನೊಂದನೇ ಕ್ಲಾಸಿನ ವಸಂತದಲ್ಲಿ ಕಾಲೇಜು ಪಟ್ಟಿ, ಹಾಡು, ಮೊನೊಲಾಗ್ (ನಾಟಕದಲ್ಲಿ ಒಂದು ಪಾತ್ರ ಒಬ್ಬನೇ ಆಡುವ ಮಾತು) ಹುಡುಕಾಟ. ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ ತೆರೆಯುತ್ತದೆ, ಅದರ ಮುಖ್ಯ ಪ್ರಬಂಧ 650 ಪದ ದಾಟುವಂತಿಲ್ಲ. ಸೆಪ್ಟೆಂಬರ್‌ನಿಂದ ಪ್ರೀಸ್ಕ್ರೀನ್ ವಿಡಿಯೊ, ಅಂದರೆ ಆಡಿಷನ್ನಿಗೆ ಯಾರನ್ನು ಕರೆಯಬೇಕು ಅಂತ ಸೋಸಲು ಕೇಳುವ ವಿಡಿಯೊ, ಕಳಿಸುವ ಕೆಲಸ, ಡಿಸೆಂಬರ್ ಶುರುವಾಗುವ ಹೊತ್ತಿಗೆ ಹೆಚ್ಚಿನವು ಮುಗಿಯಬೇಕು. ಅದರಲ್ಲಿ ಪಾಸಾದವರಿಗೆ ಮಾತ್ರ ಆಡಿಷನ್, ಅದು ನವೆಂಬರ್‌ನಿಂದ ಫೆಬ್ರುವರಿ. ಉತ್ತರ ಬರುವುದು ಹೆಚ್ಚಾಗಿ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಮೇ 1ರೊಳಗೆ ಒಂದನ್ನು ಆರಿಸಿ ಮುಂಗಡ ಕಟ್ಟಬೇಕು. ಇದೆಲ್ಲದರ ನಡುವೆ ಶಾಲೆ ಇದೆ, ಶಾಲೆಯ ನಾಟಕ ಇದೆ, ನೆಗಡಿ ಇದೆ.

ಪ್ರೀಸ್ಕ್ರೀನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹೆಚ್ಚಿನ ಮಕ್ಕಳ ಕಥೆ ಮುಗಿಯುವುದೇ ಅಲ್ಲಿ. ಮೊದಲು ಒಂದೊಂದು ಕಾಲೇಜು ಒಂದೊಂದು ಥರ ಕೇಳುತ್ತಿತ್ತು. ಈಗ ತುಂಬಾ ಕಾಲೇಜುಗಳು ಸೇರಿ ಕಾಮನ್ ಪ್ರೀಸ್ಕ್ರೀನ್ ಅಂತ ಒಂದು ಮಾದರಿ ಒಪ್ಪಿಕೊಂಡಿವೆ: ಒಂದಕ್ಕೊಂದು ಬೇರೆ ಬೇರೆ ಸ್ವಭಾವದ ಎರಡು ಹಾಡು, ಒಂದೋ ಎರಡೋ ಮೊನೊಲಾಗ್, ಒಂದು ಡ್ಯಾನ್ಸ್. ಹಾಡು, ಮೊನೊಲಾಗ್ ಒಂದೊಂದೂ ಅರವತ್ತರಿಂದ ತೊಂಬತ್ತು ಸೆಕೆಂಡು. ಜೊತೆಗೆ ವೈಲ್ಡ್ ಕಾರ್ಡ್, ಅಂದರೆ ನಿನಗೆ ಇಷ್ಟ ಬಂದಿದ್ದು ಏನಾದರೂ ತೋರಿಸು ಅಂತ. ಒಂದು ಹಾಡು 1970ಕ್ಕಿಂತ ಹಳೆಯದಿರಲಿ ಅನ್ನುವ ಕಾಲೇಜುಗಳಿವೆ. ಮೊನೊಲಾಗ್ ಅಚ್ಚಾದ ನಾಟಕದ್ದೇ ಆಗಿರಬೇಕು, ಸಿನಿಮಾದ್ದಲ್ಲ, ಪಾತ್ರದ ವಯಸ್ಸು ಮಗುವಿನ ವಯಸ್ಸಿಗೆ ಹತ್ತಿರ ಇರಬೇಕು. ಹದಿನೇಳರ ಹುಡುಗಿ ಗಂಡ ಸತ್ತ ದುಃಖ ಹೇಳಿದರೆ ನೋಡುವವರಿಗೆ ಮುಜುಗರ. ಮಾದರಿ ಒಂದೇ ಅಂದರೂ ಸಣ್ಣ ಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ, ವರ್ಷವರ್ಷ ಬದಲಾಗುತ್ತದೆ. ಹಾಗಾಗಿ ಆ ವರ್ಷದ ಸೂಚನೆಯನ್ನು ಅಪ್ಪನೋ ಅಮ್ಮನೋ ಕೂತು ಸಾಲು ಸಾಲು ಓದಬೇಕು. ಇದು ನಿಜಕ್ಕೂ ನಮ್ಮ ಕೆಲಸ.

ನಾವು ರೆಕಾರ್ಡ್ ಮಾಡಿದ್ದು ಮನೆಯ ಬೇಸ್‌ಮೆಂಟಿನಲ್ಲಿ. ಗೋಡೆಗೆ ನೀಲಿ ಬೆಡ್‌ಶೀಟ್, ಇಸ್ತ್ರಿ ಮಾಡಿದ್ದು. ಟ್ರೈಪಾಡ್ ಮೇಲೆ ಫೋನು, ಮುಖಕ್ಕೆ ಎರಡು ಟೇಬಲ್ ಲ್ಯಾಂಪು. ಮೊದಲ ದಿನ ಎಲ್ಲ ಚೆನ್ನಾಗಿಯೇ ಆಯಿತು ಅಂದುಕೊಂಡು ರಾತ್ರಿ ಇಯರ್‌ಫೋನ್ ಹಾಕಿ ಕೇಳಿದರೆ ಪ್ರತಿ ಹಾಡಿನ ಹಿಂದೆ ಒಂದು ಗುಂಯ್ ಸದ್ದು. ಬೇಸ್‌ಮೆಂಟಿನ ಎರಡನೇ ಫ್ರಿಜ್, ಹಬ್ಬಕ್ಕೆ ಅಂತ ಇಟ್ಟುಕೊಂಡಿದ್ದು. ಮಾರನೇ ದಿನ ಫ್ರಿಜ್ ಪ್ಲಗ್ ಕಿತ್ತೆವು. ಅವಳ ಮೊನೊಲಾಗ್ ಕೊನೆಯ ಸಾಲಿಗೆ ಬಂದಿತ್ತು, ಕಣ್ಣಲ್ಲಿ ನೀರು ಸರಿಯಾಗಿ ನಿಂತಿತ್ತು, ಮೇಲೆ ಅಡುಗೆಮನೆಯಲ್ಲಿ ನಾನೇ ಇಟ್ಟು ಬಂದಿದ್ದ ಕುಕ್ಕರ್ ಮೂರನೇ ಸೀಟಿ ಹೊಡೆಯಿತು. ಅವಳು ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ. ಪ್ಲಗ್ ತಿರುಗಿ ಹಾಕುವುದು ಮರೆತು ಫ್ರೀಜರಿನಲ್ಲಿದ್ದ ಕಾಯಿತುರಿ ಎಲ್ಲಾ ಹಾಳಾಯಿತು.

ಆಮೇಲೆ ಕಲಿತ ವಿಷಯ, ತಾಯಿ ಆ ಕೋಣೆಯಲ್ಲಿ ಇರಲೇಬಾರದು. ನಾನು ಎದುರಿಗಿದ್ದರೆ ಅವಳು ನನಗಾಗಿ ಹಾಡುತ್ತಾಳೆ, ನನ್ನ ಹುಬ್ಬು ಅಲ್ಲಾಡಿದರೆ ನಿಲ್ಲಿಸುತ್ತಾಳೆ. ಕೊನೆಗೆ ಅವಳ ಗೆಳತಿ ಬಂದು ಫೋನ್ ಹಿಡಿದಳು, ನಾನು ಮೇಲೆ ಹೋಗಿ ಸ್ಪ್ರೆಡ್‌ಶೀಟ್ ತುಂಬಿಸಿದೆ. ಯಾವ ಕಾಲೇಜು, ಯಾವ ಹಾಡು, ಸೊಂಟದ ಮೇಲಿನ ಫ್ರೇಮೋ ಪೂರ್ತಿ ದೇಹವೋ, ಕೊನೆ ದಿನ, ಕಟ್ಟಿದ ಹಣ, ಫಲಿತಾಂಶ. ವಿಡಿಯೊ ಕಳಿಸುವುದು ಹೆಚ್ಚಾಗಿ ಆಕ್ಸೆಪ್ಟ್‌ಡ್ ಅನ್ನುವ ತಾಣದ ಮೂಲಕ, ಅದರ ಶುಲ್ಕ ಕಾಲೇಜಿನ ಅರ್ಜಿ ಶುಲ್ಕಕ್ಕೆ ಹೊರತು. ಕೊನೆ ದಿನದ ರಾತ್ರಿ ಹನ್ನೊಂದೂವರೆಗೆ ಅಪ್‌ಲೋಡ್ ಮಾಡಲು ಕೂರಬೇಡಿ. ಅಷ್ಟು ಹೇಳಿದರೆ ಸಾಕು.

ನಮ್ಮ ಮಕ್ಕಳದ್ದೇ ಆದ ಒಂದು ವಿಷಯ ಇದೆ. ಹೆಚ್ಚಿನವರು ಐದಾರು ವರ್ಷದಿಂದ ಕರ್ನಾಟಕ ಸಂಗೀತ, ಭರತನಾಟ್ಯ ಕಲಿತಿರುತ್ತಾರೆ. ಅದು ಲಾಭವೋ ನಷ್ಟವೋ ಅಂತ ಗೆಳತಿ ಕೇಳಿದಳು. ಎರಡೂ. ಶ್ರುತಿ, ತಾಳ ಗಟ್ಟಿ ಇರುತ್ತದೆ, ಒಂದು ಸಲ ಕೇಳಿದ್ದನ್ನು ಹಿಡಿದುಕೊಳ್ಳುತ್ತಾರೆ. ಆದರೆ ಸ್ವರ ನೇರವಾಗಿ ನಿಲ್ಲಬೇಕಾದ ಕಡೆ ಗಮಕ ನುಸುಳುತ್ತದೆ. ನನ್ನ ಮಗಳ ವಾಯ್ಸ್ ಟೀಚರಿಗೆ ಅದನ್ನು ಬಿಡಿಸಲು ಒಂದು ಬೇಸಿಗೆ ಬೇಕಾಯಿತು. ಸ ರಿ ಗ ಮ ಬರೆದುಕೊಂಡು ಕಲಿತವರಿಗೆ ಪಿಯಾನೊದ ಗೆರೆಗಳ ಮೇಲಿನ ನೊಟೇಷನ್ ಓದುವುದು ಹೊಸದು, ಅದನ್ನು ಬೇಗ ಶುರು ಮಾಡಿಸಿ. ಭರತನಾಟ್ಯದ ಅರಮಂಡಿಯಿಂದ ಮಂಡಿ ಹೊರಗೆ ತಿರುಗುವುದು ಅಭ್ಯಾಸವಾಗಿರುತ್ತದೆ, ಬ್ಯಾಲೆಗೆ ಅದು ಒಳ್ಳೆಯದೇ. ಆದರೆ ನಾವು ನೆಲಕ್ಕೆ ತಟ್ಟುವ ಪಾದ, ಅವರು ಬೆರಳ ತುದಿ ಚಾಚುವ ಪಾದ. ಇನ್ನು ಅಭಿನಯ. ದೇವಸ್ಥಾನದ ಹಾಲಿನಲ್ಲಿ ಕೊನೆಯ ಸಾಲಿಗೂ ಕಾಣುವಂತೆ ಕಣ್ಣು ಅರಳಿಸಿ ಕಲಿತ ಮಗು ಫೋನಿನ ಕ್ಯಾಮೆರಾ ಮುಂದೆ ಹಾಗೇ ಮಾಡಿದರೆ ಹೆದರಿಸಿದ ಹಾಗಿರುತ್ತದೆ. ವೈಲ್ಡ್ ಕಾರ್ಡಿಗೆ ಮಾತ್ರ ಅದನ್ನೆಲ್ಲ ಧಾರಾಳವಾಗಿ ಬಿಡಿ. ನನ್ನ ಮಗಳು ಒಂದು ನಿಮಿಷ ಕೊನ್ನಕ್ಕೋಲ್ (ಬಾಯಲ್ಲೇ ತಾಳದ ಜತಿ) ಹೇಳಿ ಕಳಿಸಿದಳು, ತಕಧಿಮಿ ತಕಜಣು ಅಂತ. ಆಡಿಷನ್ನಿನಲ್ಲಿ ಇಬ್ಬರು ಪ್ರೊಫೆಸರುಗಳು ಅದನ್ನೇ ನೆನಪಿಟ್ಟುಕೊಂಡು ಕೇಳಿದರಂತೆ.

"ನಮ್ಮೋರ್ಗೆ ಅಲ್ಲಿ ಯಾರು ಪಾತ್ರ ಕೊಡ್ತಾರೆ?" ಅನ್ನುವ ಮಾತು ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳಿಬರುತ್ತದೆ. "ನಿಮ್ಮ ಮಗಳಿಗೇನು, ಭಾರತೀಯಳು ಅಂತ ಸುಲಭವಾಗಿ ತಗೋತಾರೆ" ಅನ್ನುವ ಮಾತು ಆಡಿಷನ್ ಕಾರಿಡಾರಿನಲ್ಲಿ. ಎರಡಕ್ಕೂ ನಾನು ಉತ್ತರ ಕೊಡುವುದು ನಿಲ್ಲಿಸಿದ್ದೇನೆ. 2004ರಲ್ಲಿ ಬಾಂಬೆ ಡ್ರೀಮ್ಸ್ ಅನ್ನುವ ಮ್ಯೂಸಿಕಲ್ ಬ್ರಾಡ್‌ವೇಗೆ ಬಂದಾಗ ನಾಯಕನಾಗಿದ್ದ ಮನು ನಾರಾಯಣ್ ಓದಿದ್ದು ಕಾರ್ನೆಗಿ ಮೆಲನ್‌ನಲ್ಲಿ. ದಾರಿ ಇದೆ, ಅಗಲ ಇಲ್ಲ.

ಆಡಿಷನ್ನಿಗೆ ಬರೋಣ. ಪ್ರೀಸ್ಕ್ರೀನ್ ಪಾಸಾದರೆ ಮೂರು ದಾರಿ: ಕ್ಯಾಂಪಸ್ಸಿಗೆ ಹೋಗುವುದು, ವಿಡಿಯೊ ಕಾಲ್‌ನಲ್ಲಿ ಕೊಡುವುದು, ಅಥವಾ ಯೂನಿಫೈಡ್ಸ್. ಕೋವಿಡ್ ಆದ ಮೇಲೆ ವಿಡಿಯೊ ಆಡಿಷನ್ ಜಾಸ್ತಿಯಾಗಿದೆ, ಖರ್ಚು ಉಳಿಯುತ್ತದೆ. ಯೂನಿಫೈಡ್ಸ್ ಅಂದರೆ ಹತ್ತಾರು ಕಾಲೇಜಿನವರು ಒಂದೇ ಊರಿಗೆ ಬಂದು ಕೂರುವ ಸಂತೆ. ಜನವರಿ, ಫೆಬ್ರುವರಿಯಲ್ಲಿ ನ್ಯೂಯಾರ್ಕ್, ಷಿಕಾಗೋದಂಥ ಊರುಗಳಲ್ಲಿ. ಮಗು ಒಂದೇ ದಿನ ನಾಲ್ಕು ಕೋಣೆ ಹತ್ತಿ ಇಳಿಯಬಹುದು. ಸಮಯ ಉಳಿದರೆ, ಮೊದಲೇ ಹೆಸರು ಕೊಡದಿದ್ದರೂ ಕೇಳುವ ಕಾಲೇಜುಗಳು ಇರುತ್ತವೆ, ಅದಕ್ಕೆ ವಾಕ್-ಇನ್ ಅನ್ನುತ್ತಾರೆ.

ನಾವು ಷಿಕಾಗೋಗೆ ಹೋಗಿದ್ದೆವು. ಹೊರಗೆ ಮೂಗು ಉದುರಿಹೋಗುವ ಚಳಿ, ಒಳಗೆ ಹೀಟರಿನ ಒಣ ಗಾಳಿ, ಅದು ಗಂಟಲಿಗೆ ಶತ್ರು. ಹೋಟೆಲಿನ ಮೆಟ್ಟಿಲ ಸಂದಿಯಲ್ಲೆಲ್ಲ ಮಕ್ಕಳು ಗೋಡೆಗೆ ಮುಖ ಮಾಡಿಕೊಂಡು ಹಾಡುತ್ತಿರುತ್ತವೆ, ಕೆಲವರು ಕೈಯಲ್ಲಿ ಸಣ್ಣ ಸ್ಟೀಮರ್ ಹಿಡಿದು ಆವಿ ಎಳೆಯುತ್ತಾ. ನನ್ನ ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ. ಪಕ್ಕದಲ್ಲಿ ಕೂತಿದ್ದ ಒಹಾಯೊ ಕಡೆಯ ಹುಡುಗನೊಬ್ಬ ವಾಸನೆ ನೋಡಿ ಕೇಳಿ ಕುಡಿದ, ಮಧ್ಯಾಹ್ನ ತಿರುಗಿ ಬಂದ.

ಕೋಣೆಯೊಳಗೆ ನಡೆಯುವುದು ಹತ್ತು ನಿಮಿಷದ ಕೆಲಸ. ಮಗು ಒಳಗೆ ಹೋಗಿ ಹೆಸರು ಹೇಳುತ್ತದೆ, ಪಿಯಾನೊ ನುಡಿಸುವವರಿಗೆ ತನ್ನ ಹಾಡುಗಳ ನೊಟೇಷನ್ ಇರುವ ಬೈಂಡರ್ ಕೊಡುತ್ತದೆ. ಯಾವ ವೇಗ ಅಂತ ಒಂದು ಸಾಲು ಮೆಲ್ಲಗೆ ಹಾಡಿ ತೋರಿಸಬೇಕು. ಚಿಟಿಕೆ ಹೊಡೆದು ತೋರಿಸಿದರೆ ಅವರಿಗೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಹಾಡು ಪೂರ್ತಿ ಅಲ್ಲ, 16 ಬಾರ್ ಅಥವಾ 32 ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು) ತುಂಡು, ಎಲ್ಲಿ ಶುರು ಎಲ್ಲಿ ನಿಲುಗಡೆ ಅಂತ ಗುರುತು ಹಾಕಿರಬೇಕು. ಹಾಳೆ ಹೊಳೆಯದ ಪ್ಲಾಸ್ಟಿಕ್ಕಿನಲ್ಲಿರಬೇಕು, ದೀಪದ ಬೆಳಕಿಗೆ ಕಣ್ಣು ಕುಕ್ಕಬಾರದು. ಆ ಬೈಂಡರ್ ಜೋಡಿಸಿದ್ದು ನಾನು, ಬಹಳ ಹೆಮ್ಮೆಯಿಂದ. ಝೆರಾಕ್ಸ್ ಮಾಡುವಾಗ ಎರಡನೇ ಹಾಡಿನ ಪುಟದ ಕೆಳಗಿನ ಸಾಲು ಕಟ್ ಆಗಿತ್ತು. ಅಂದರೆ ಪಿಯಾನೊದವರ ಎಡಗೈಗೆ ಸ್ವರವೇ ಇಲ್ಲ. ಪಾಪ, ಅವರು ಊಹಿಸಿಕೊಂಡು ನುಡಿಸಿದರಂತೆ. ಮಗಳು ಹೊರಗೆ ಬಂದು ಅಳಲಿಲ್ಲ, ನಕ್ಕಳು. ನಾನು ಅತ್ತೆ.

ಹಾಡಾದ ಮೇಲೆ ಮೇಷ್ಟ್ರು ಏನಾದರೂ ಬದಲಾಯಿಸಲು ಹೇಳಬಹುದು. "ಅದೇ ಮಾತನ್ನು ಈಗ ನಿನ್ನ ತಂಗಿಗೆ ಗುಟ್ಟು ಹೇಳುವ ಹಾಗೆ ಹೇಳು" ಅಂತ. ಮೊದಲು ಮಾಡಿದ್ದು ತಪ್ಪು ಅಂತಲ್ಲ. ಈ ಮಗುವಿಗೆ ಕಲಿಸಬಹುದಾ ಅಂತ ನೋಡುತ್ತಾರೆ. ಗಂಟೆಗೆ ನೂರು ಡಾಲರಿಗೂ ಜಾಸ್ತಿ ಕೊಟ್ಟು ಕೋಚ್ ಇಟ್ಟು, ಒಂದೊಂದು ಉಸಿರನ್ನೂ ಗಿಣಿಪಾಠ ಮಾಡಿಸಿದ ಮಕ್ಕಳು ಇಲ್ಲೇ ಒದ್ದಾಡುವುದು. ಕೋಚ್ ಬೇಡ ಅಂತ ಹೇಳುತ್ತಿಲ್ಲ, ನಾವೂ ಹಾಡು ಆರಿಸಲು ಸಹಾಯ ತೆಗೆದುಕೊಂಡೆವು, ಆದರೆ ಅಷ್ಟಕ್ಕೆ ನಿಲ್ಲಿಸಿದೆವು.

ಹೊರಗೆ ಬಂದ ಕೂಡಲೇ "ಹೇಗಾಯ್ತು? ಏನಂದ್ರು? ನಕ್ರಾ?" ಅಂತ ಕೇಳಲೇಬೇಡಿ. ನಾನು ಮೊದಲ ಎರಡು ಸಲ ಕೇಳಿ ಬೈಸಿಕೊಂಡೆ. ಮೂರನೇ ಸಲದಿಂದ "ಊಟ ಎಲ್ಲಿ ಮಾಡೋಣ?" ಅಷ್ಟೇ. ಹೇಳಬೇಕು ಅನಿಸಿದರೆ ಅವಳೇ ಹೇಳುತ್ತಿದ್ದಳು, ಹೆಚ್ಚಾಗಿ ರಾತ್ರಿ ದೀಪ ಆರಿಸಿದ ಮೇಲೆ. ಹಾಗೆಯೇ ಕಾಲೇಜಿಗೆ ಇಮೇಲ್ ಮಗುವೇ ಬರೆಯಬೇಕು, ನೀವು ಬರೆಯಬೇಡಿ. ಮತ್ತು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಾಲೇಜುಗಳ ಪಟ್ಟಿ ಹಾಕಬೇಡಿ. ಹಾಕಿದರೆ ಮಾರ್ಚ್‌ನಲ್ಲಿ ಹದಿನಾಲ್ಕು ಜನ "ಏನಾಯ್ತು?" ಅಂತ ಕೇಳುತ್ತಾರೆ.

ದುಡ್ಡಿನ ಮಾತು ಮೊದಲೇ, ಅರ್ಜಿ ಹಾಕುವ ಮುಂಚೆಯೇ, ಮಗುವಿನ ಎದುರು ಆಡಿಬಿಡಿ. ಹೆಸರಾದ ಖಾಸಗಿ ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ನಿಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವಾದರೆ ಅದಕ್ಕಿಂತ ತುಂಬಾ ಕಡಿಮೆ. ಅರ್ಜಿ ಶುಲ್ಕವೇ ಕಾಲೇಜಿಗೆ ಐವತ್ತರಿಂದ ತೊಂಬತ್ತು ಡಾಲರ್, ಹದಿನೈದಕ್ಕೆ ಗುಣಿಸಿ, ಮೇಲೆ ವಿಮಾನ, ಹೋಟೆಲ್. ಎಚ್-4 ವೀಸಾದಲ್ಲಿರುವ, ಅಂದರೆ ಅಪ್ಪನದೋ ಅಮ್ಮನದೋ ಕೆಲಸದ ವೀಸಾದ ಮೇಲೆ ಇಲ್ಲಿರುವ, ಮಕ್ಕಳಿಗೆ ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ, ಕಾಲೇಜು ತಾನೇ ಕೊಡುವ ಸ್ಕಾಲರ್‌ಶಿಪ್ ಕೇಳಿ ನೋಡಬೇಕು. 21 ತುಂಬಿದ ಮೇಲೆ ಎಚ್-4 ಉಳಿಯುವುದಿಲ್ಲ, ಗ್ರೀನ್ ಕಾರ್ಡ್ ಬಂದಿರದಿದ್ದರೆ ಮಗು ಎಫ್-1 ಅನ್ನುವ ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಡಿಗ್ರಿ ಮುಗಿದ ಮೇಲೆ ಎಫ್-1ನವರಿಗೆ ಕೆಲಸ ಮಾಡಲು ಸಿಗುವ ಅನುಮತಿ, ಓಪಿಟಿ, ಇಲ್ಲಿ ಒಂದೇ ವರ್ಷ, ಎಂಜಿನಿಯರಿಂಗ್ ಓದಿದವರಿಗಿರುವ ಎರಡು ವರ್ಷದ ವಿಸ್ತರಣೆ ಥಿಯೇಟರಿಗಿಲ್ಲ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುವ ನಮ್ಮವರು ಎಷ್ಟೋ ಜನ, ಅವರಿಗೆ ಇದು ಹಾಡಿಗಿಂತ ದೊಡ್ಡ ಪ್ರಶ್ನೆ.

ಉತ್ತರಗಳು ಪೋರ್ಟಲ್‌ನಲ್ಲಿ ಬರುತ್ತವೆ, ಒಂದೊಂದಾಗಿ. ನಮಗೆ ಬಂದಿದ್ದು ಪ್ರೀಸ್ಕ್ರೀನಿನಲ್ಲೇ ಐದು ಇಲ್ಲ, ಆಡಿಷನ್ ಆದ ಮೇಲೆ ಆರು ಇಲ್ಲ, ಒಂದು ವೇಯ್ಟ್‌ಲಿಸ್ಟ್, ಮೂರು ಹೌದು. ಮೂರರಲ್ಲಿ ಎರಡು ಬಿಎಫ್‌ಎ, ಒಂದು ಬಿಎ. ಇದು ಒಳ್ಳೆಯ ಫಲಿತಾಂಶ ಅಂತ ಗೊತ್ತಿದ್ದವರು ಹೇಳಿದರು. ಹನ್ನೊಂದು ಸಲ "ಇಲ್ಲ" ಅನ್ನಿಸಿಕೊಂಡ ಮಗು ಮನೆಯಲ್ಲಿ ಓಡಾಡುತ್ತಿರುವಾಗ ಹಾಗನ್ನಿಸುವುದಿಲ್ಲ. ಒಂದು ದಿನ ಇಡೀ ಕೋಣೆ ಬಾಗಿಲು ಹಾಕಿಕೊಂಡಿದ್ದಳು. ನನ್ನ ಗಂಡ ಬಾಗಿಲ ಹೊರಗೆ ನಿಂತು "ಮೊಸರನ್ನ ಇಲ್ಲಿಟ್ಟಿದೀನಿ" ಅಂದು ತಟ್ಟೆ ನೆಲಕ್ಕಿಟ್ಟು ಬಂದರು. ಅರ್ಧ ಗಂಟೆ ಬಿಟ್ಟು ನೋಡಿದರೆ ತಟ್ಟೆ ಖಾಲಿ ಆಗಿ ಅಲ್ಲೇ ಇತ್ತು.

ಎಲ್ಲೂ ಸಿಗದಿದ್ದರೆ? ಸಿಗದ ಮಕ್ಕಳು ತುಂಬಾ ಇದ್ದಾರೆ. ಒಂದು ವರ್ಷ ಬಿಟ್ಟು, ಡ್ಯಾನ್ಸ್ ಗಟ್ಟಿ ಮಾಡಿಕೊಂಡು, ಮತ್ತೆ ಹಾಕುವವರಿದ್ದಾರೆ. ಆಡಿಷನ್ ಇಲ್ಲದ ಕಾಲೇಜಿಗೆ ಸೇರಿ ಅಲ್ಲಿಂದ ಮತ್ತೆ ಪ್ರಯತ್ನಿಸಬಹುದು, ಆದರೆ ಬಿಎಫ್‌ಎಗೆ ಹೀಗೆ ಬಂದವರು ಹೆಚ್ಚಿನ ಕಡೆ ಮೊದಲ ವರ್ಷದಿಂದಲೇ ಶುರು ಮಾಡಬೇಕಾಗುತ್ತದೆ, ಆ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಸಿಕ್ಕವರು ಮಾಡಬೇಕಾದ ಒಂದು ಕೆಲಸ ಬಾಕಿ ಇರುತ್ತದೆ. ಮೇ 1ರವರೆಗೆ ಸಮಯ ಇದೆ ಅಂತ ಬೇಡದ ಸೀಟುಗಳನ್ನು ಹಿಡಿದುಕೊಂಡು ಕೂರಬೇಡಿ. ಹದಿನಾರು ಜನರ ಬ್ಯಾಚಿನಲ್ಲಿ ಒಂದು ಸೀಟು ಬಿಟ್ಟರೆ ವೇಯ್ಟ್‌ಲಿಸ್ಟಿನಲ್ಲಿರುವ ಯಾವುದೋ ಮಗುವಿನ ಮನೆಗೆ ಫೋನ್ ಹೋಗುತ್ತದೆ. ನಮ್ಮವಳು ಮೂರರಲ್ಲಿ ಒಂದನ್ನು ನಿರ್ಧಾರ ಮಾಡಿದ್ದು ಏಪ್ರಿಲ್ ಮೂರನೇ ವಾರ, ರಾತ್ರಿ ಹತ್ತು ಗಂಟೆಗೆ. ಮಿಕ್ಕ ಎರಡಕ್ಕೂ, ವೇಯ್ಟ್‌ಲಿಸ್ಟಿಗೂ, ಮಲಗುವ ಮುಂಚೆಯೇ ಬೇಡ ಅಂತ ಬರೆದಳು. ನಾನು ಸ್ಪ್ರೆಡ್‌ಶೀಟ್ ಮುಚ್ಚಿದೆ.